ಸೂರಿಲ್ಲದ ಅಂಕಣ

ಕೇಳುಗರೇ, ನಮಸ್ಕಾರ.

ರಾಯಚೂರು ಸೀಮೆಯ ಎರೆಭೂಮಿಯ ಮೇಲೆ ಮನೆ ಕಟ್ಟಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಳೆ ಬಂದರೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲೆ ಹಾಕಿದ ಸಿಮೆಂಟು ಅದರೊಂದಿಗೇ ಬಿರಿಯುತ್ತದೆ. ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೂ ಅದೇ ಗತಿಯಾಗಿತ್ತು. ಎಡಗಡೆಯ ರಿಂಗಿನ ಮುಂದೆ ಅಡ್ಡಲಾಗಿ ಒಂದು ಉದ್ದನೆಯ ಬಿರುಕು. ಅದರ ಮೇಲೆ ಪುಟಿಸಿದ ಚೆಂಡು ಎತ್ತ ಸಿಡಿಯುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೊರಗಿನಿಂದ ಬಂದ ತಂಡಗಳು ಅಲ್ಲಿ ಚೆಂಡು ಕಳೆದುಕೊಳ್ಳುತ್ತಿದ್ದವು. ನಮ್ಮ ಹುಡುಗಿಯರು ಆ ಜಾಗದಲ್ಲಿ ಚೆಂಡನ್ನು ನೆಲಕ್ಕೆ ಬಿಡುತ್ತಲೇ ಇರಲಿಲ್ಲ. ಬಿರುಕು ಬರುವ ಮೊದಲೇ ಗೆಳತಿಯ ಕೈಗೆ ದಾಟಿಸಿಬಿಡುತ್ತಿದ್ದರು.

ದೇಶ ದೇಶಗಳ ನಡುವಿನ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗಳ ಕುರಿತು ಮಾತನಾಡಲು ಕುಳಿತಾಗ ನನಗೆ ಮೊದಲು ನೆನಪಾಗುವುದು ಆ ಬಿರುಕು. ಕಾರಣವಿದೆ.

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ. ಹೊರಗೆ ಕೊರೆಯುವ ಚಳಿ. ಹುಡುಗರಿಗೆ ಒಳಾಂಗಣದಲ್ಲಿ ಆಡುವ ಆಟವೊಂದು ಬೇಕಿತ್ತು. ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮ ಶಾಲೆಯ ಮೇಲಂತಸ್ತಿನ ಕಟಕಟೆಗೆ ಬಿಗಿದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ವಿಶ್ವಕಪ್ಪಿನ ರಿಂಗು ಇರುವುದು ಅದೇ ಹತ್ತು ಅಡಿಯಲ್ಲಿ. ಅವರು ಬರೆದ ಹದಿಮೂರು ನಿಯಮಗಳಲ್ಲಿ ಒಂದು, ಚೆಂಡು ಹಿಡಿದು ಓಡಬಾರದು, ಹಿಡಿದ ಜಾಗದಿಂದಲೇ ಎಸೆಯಬೇಕು ಎನ್ನುತ್ತದೆ. ಪುಟಿಸುತ್ತ ಮುನ್ನುಗ್ಗುವ ಕಲೆ ಆಮೇಲೆ ಸೇರಿಕೊಂಡದ್ದು. ಆಟದ ಬೇರು ಪಾಸ್‌ನಲ್ಲಿದೆ. ನಮ್ಮ ಹುಡುಗಿಯರು ಆ ನಿಯಮವನ್ನು ಓದಿರಲಿಲ್ಲ, ನೆಲವೇ ಅವರಿಗೆ ಅದನ್ನು ಕಲಿಸಿತ್ತು.

ಚಳಿಗೆ ಹೆದರಿ ಸೂರಿನಡಿ ಹುಟ್ಟಿದ ಆಟ ಒಲಿಂಪಿಕ್ಸ್ ಪದಕದ ಆಟವಾದದ್ದು 1936ರಲ್ಲಿ, ಬರ್ಲಿನ್‌ನಲ್ಲಿ, ಬಯಲಿನಲ್ಲಿ. ಟೆನಿಸ್ ಆಡುವ ಜೇಡಿ ಮತ್ತು ಮರಳಿನ ನೆಲದ ಮೇಲೆ ಗೆರೆ ಎಳೆದು ಅಂಕಣ ಮಾಡಿದ್ದರು. ಆಗಸ್ಟ್ 14ರಂದು ಫೈನಲ್, ಅಮೆರಿಕ ಮತ್ತು ಕೆನಡಾ ನಡುವೆ. ಮಳೆ ಸುರಿಯಿತು. ಅಂಕಣ ಕೆಸರುಗದ್ದೆಯಾಯಿತು. ಚೆಂಡು ಬಿದ್ದಲ್ಲೇ ನಿಂತುಬಿಡುತ್ತಿತ್ತು, ಪುಟಿಯುವ ಮಾತೇ ಇಲ್ಲ. ಮೊದಲರ್ಧದಲ್ಲಿ 15–4. ಎರಡನೆಯ ಅರ್ಧದಲ್ಲಿ ಎರಡೂ ತಂಡಗಳು ಗಳಿಸಿದ್ದು ತಲಾ ನಾಲ್ಕೇ ಅಂಕ. ಅಮೆರಿಕ 19–8ರಿಂದ ಗೆದ್ದಿತು. ಇಂದಿನ ತಂಡಗಳು ಒಂದೇ ಕ್ವಾರ್ಟರಿನಲ್ಲಿ ಗಳಿಸುವಷ್ಟು ಅಂಕಗಳೂ ಆ ಇಡೀ ಪಂದ್ಯದಲ್ಲಿ ಸೇರಿ ಬಂದಿರಲಿಲ್ಲ ಎನ್ನಬಹುದು. ಮುದುಕರಾಗಿದ್ದ ನೈಸ್ಮಿತ್ ಅಂದು ಬರ್ಲಿನ್‌ನಲ್ಲಿದ್ದರು. ತಾವು ಹೆತ್ತ ಆಟ ಜಗತ್ತಿನ ಮುಂದೆ ಹಾಗೆ ಕೆಸರಿನಲ್ಲಿ ಕಾಲೂರಿ ನಿಂತದ್ದನ್ನು ಕಂಡರು. ನಾನು ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಮೊದಲು ಹೇಳುತ್ತಿದ್ದದ್ದು ಈ ಪಂದ್ಯದ ಕಥೆಯನ್ನೇ.

1950ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್, ಅಂದರೆ ಇಂದಿನ ವಿಶ್ವಕಪ್, ಬ್ಯೂನಸ್ ಐರಿಸ್‌ನಲ್ಲಿ ನಡೆಯಿತು. ಆತಿಥೇಯ ಅರ್ಜೆಂಟೀನಾ ಅಮೆರಿಕವನ್ನು 64–50ರಿಂದ ಸೋಲಿಸಿತು. ಆಮೇಲಿನ ಪಟ್ಟಿ ಉದ್ದವಿದೆ. ಭಾರತ ಪುರುಷರ ವಿಶ್ವಕಪ್ಪಿನಲ್ಲಿ ಇದುವರೆಗೆ ಆಡಿಲ್ಲ. ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, 1980ರ ಮಾಸ್ಕೋದಲ್ಲಿ.

ಆದರೆ 2019ರ ಸೆಪ್ಟೆಂಬರಿನಲ್ಲಿ ಏಷ್ಯಾದ ದೊಡ್ಡ ಪಂದ್ಯಾವಳಿಯೊಂದು ನಮ್ಮ ರಾಜ್ಯಕ್ಕೇ ಬಂದಿತ್ತು. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್. ಅದಕ್ಕೆ ಎರಡು ವರ್ಷ ಮೊದಲು ಅದೇ ನೆಲದಲ್ಲಿ ನಮ್ಮ ವನಿತೆಯರು ಕಝಾಕಿಸ್ತಾನವನ್ನು 75–73ರಿಂದ ಮಣಿಸಿ ಮೇಲಿನ ವಿಭಾಗಕ್ಕೆ ಏರಿದ್ದರು. ನಾನು ಒಂಬತ್ತು ಹುಡುಗಿಯರನ್ನು, ಜೊತೆಗೆ ಇಬ್ಬರು ತಾಯಂದಿರನ್ನು ಕರೆದುಕೊಂಡು ರಾತ್ರಿಯ ರೈಲು ಹತ್ತಿದೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಭಾರತ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಆ ನೋವು ಮಕ್ಕಳ ಮುಖದಲ್ಲಿ ಕಾಣುತ್ತಿತ್ತು.

29ರಂದು ಭಾನುವಾರ, ಫೈನಲ್. ಚೀನಾದವರ ಎತ್ತರ ನೋಡಿ ನಮ್ಮ ಸಾಲಿನ ಹುಡುಗಿಯರು ಮೊದಲು ಮಾತೇ ಆಡಲಿಲ್ಲ. ಎದುರಿಗೆ ಜಪಾನ್. ಐದೂವರೆ ಅಡಿಗಿಂತಲೂ ತುಸು ಗಿಡ್ಡಗಿನ ನಾಕೊ ಮೋಟೊಹಾಷಿ ಎಂಬಾಕೆ ಆ ಎತ್ತರದ ನಡುವೆ ನುಸುಳುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ. ಚೆಂಡು ಒಬ್ಬಳ ಕೈಯಲ್ಲಿ ಕ್ಷಣಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಜಪಾನ್ 71–68ರಿಂದ ಗೆದ್ದಿತು, ಆಕೆ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿಯಾದಳು. ನನ್ನ ಪಕ್ಕದಲ್ಲಿ ಕುಳಿತಿದ್ದ ಎಂಟನೆಯ ತರಗತಿಯ ಹುಡುಗಿ ಕೇಳಿದಳು: “ಸರ್, ಇವರ ಊರಿನ ಅಂಕಣದಲ್ಲಿಯೂ ಬಿರುಕು ಇದೆಯೇ?” ಅಷ್ಟು ಬೇಗ ಬೇಗ ಪಾಸ್ ಮಾಡಲು ಬೇರೆ ಕಾರಣ ಅವಳಿಗೆ ಹೊಳೆದಿರಲಿಲ್ಲ. ಆ ಪ್ರಶ್ನೆಗೆ ನನ್ನ ಗಂಟಲು ಕಟ್ಟಿತು.

ಅವಳಿಗೆ ಸರಿಯಾದ ಉತ್ತರ ಸಿಕ್ಕಿದ್ದು ಸುಮಾರು ಐದು ವರ್ಷಗಳ ನಂತರ, ಆಫ್ರಿಕಾದಿಂದ. ದಕ್ಷಿಣ ಸುಡಾನ್ ಸ್ವತಂತ್ರ ದೇಶವಾದದ್ದು 2011ರಲ್ಲಿ. ಯುದ್ಧದಿಂದ ಚದುರಿದ ಜನ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಲುವೋಲ್ ಡೆಂಗ್, ಬಾಲ್ಯದಲ್ಲಿಯೇ ನಿರಾಶ್ರಿತರಾಗಿ ಊರು ಬಿಟ್ಟವರು, ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ಹೆಸರು ಮಾಡಿದವರು. ತಮ್ಮ ಸ್ವಂತ ಹಣವನ್ನೇ ಹಾಕಿ ತಂಡ ಕಟ್ಟಿದರು. ದೇಶದಲ್ಲಿ ಒಂದೇ ಒಂದು ಒಳಾಂಗಣ ಅಂಕಣವೂ ಇರಲಿಲ್ಲ. ಆ ತಂಡ 2023ರ ವಿಶ್ವಕಪ್ಪಿಗೆ ಬಂದು ಚೀನಾವನ್ನು 89–69ರಿಂದ, ಅಂಗೋಲಾವನ್ನು 101–78ರಿಂದ ಸೋಲಿಸಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. ಆ ಒಲಿಂಪಿಕ್ಸ್‌ಗೆ ಮುಂಚೆ ಲಂಡನ್ನಿನ ಅಭ್ಯಾಸ ಪಂದ್ಯದಲ್ಲಿ ಅಮೆರಿಕದಂಥ ಅಮೆರಿಕವೇ 101–100ರಿಂದ ಒಂದೇ ಅಂಕದಲ್ಲಿ ಪಾರಾಯಿತು. ಒಲಿಂಪಿಕ್ಸ್‌ನ ಮೊದಲ ಪಂದ್ಯದ ದಿನ ಈ ತಂಡಕ್ಕೆ ತಪ್ಪು ರಾಷ್ಟ್ರಗೀತೆ ನುಡಿಸಲಾಯಿತು. ತಾವು ಬಿಟ್ಟು ಬಂದ ಸುಡಾನ್ ದೇಶದ್ದು. ಆಟಗಾರರು ಎದೆಯ ಮೇಲೆ ಕೈಯಿಟ್ಟು ತಮ್ಮ ಗೀತೆಗಾಗಿ ಕಾದರು. ನಂತರ ಪೋರ್ಟೊ ರಿಕೊವನ್ನು 90–79ರಿಂದ ಸೋಲಿಸಿದರು.

ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಅಂದು ರಾತ್ರಿ ಫೋನ್ ಮಾಡಿ, “ಸರ್, ಅವರಿಗೆ ಬಿರುಕಿನ ಅಂಕಣವಲ್ಲ, ಸೂರೇ ಇರಲಿಲ್ಲವಂತೆ” ಎಂದಳು.

ಕೇಳುಗರೇ, ನಮ್ಮ ತಾಲ್ಲೂಕು ತಾಲ್ಲೂಕಿಗೆ ಒಳಾಂಗಣ ಕ್ರೀಡಾಂಗಣ ಬರಲಿ ಎಂಬ ಆಸೆ ನನಗೂ ಇದೆ. ಅದು ಬರುವವರೆಗೆ ಮಕ್ಕಳು ಕಾಯಬೇಕಿಲ್ಲ. ನಮ್ಮ ಬಿಸಿಲಿನಲ್ಲಿ, ಏಪ್ರಿಲ್–ಮೇ ತಿಂಗಳಲ್ಲಿ, ಚೆಂಡು ಹಿಡಿಯಲು ಸಾಧ್ಯವಿರುವುದು ಬೆಳಗಿನ ಎರಡು ತಾಸು ಮತ್ತು ಹೊತ್ತು ಮುಳುಗಿದ ಮೇಲೆ. ಆ ಎರಡೂ ಹೊತ್ತಿನಲ್ಲಿ ಹೆಚ್ಚಿನ ಶಾಲೆಗಳ ಗೇಟಿಗೆ ಬೀಗ ಬಿದ್ದಿರುತ್ತದೆ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಅಣ್ಣಂದಿರಲ್ಲಿ, ಅಕ್ಕಂದಿರಲ್ಲಿ ನನ್ನ ವಿನಂತಿ ಇಷ್ಟೇ: ಬೇಸಿಗೆ ರಜೆಯಲ್ಲಿ ಬೆಳಗಿನ ಐದೂವರೆಗೆ ಗೇಟು ತೆರೆಯುವ ಒಬ್ಬರನ್ನು ಗೊತ್ತು ಮಾಡಿ. ಕಂಬಕ್ಕೆ ಎರಡು ದೀಪ ಹಾಕಿಸಿ. ರಿಂಗಿಗೆ ಹೊಸ ಬಲೆ ಕಟ್ಟಿಸಿ. ಹೆಣ್ಣುಮಕ್ಕಳು ಆಡುವಾಗ ಒಬ್ಬ ತಾಯಿ ಅಂಕಣದ ಪಕ್ಕದಲ್ಲಿ ಕುಳಿತಿರಲಿ. ನಮ್ಮಲ್ಲಿ ಹಾಗೆ ಕುಳಿತವರಲ್ಲಿ ಒಬ್ಬರು ಮೂರನೆಯ ವಾರಕ್ಕೆ ತಾವೇ ಅಂಕ ಬರೆಯಲು ಶುರು ಮಾಡಿದ್ದರು.

ನಮಸ್ಕಾರ.