ಹೊಸ ರಾಣಿಯನ್ನು ಬಿಡುವ ಮೊದಲು ನುಸಿ ಎಣಿಸಿ

ಜೇನುಪೆಟ್ಟಿಗೆ ತೆರೆಯುವುದನ್ನು ನೀವೇ ನೋಡುತ್ತಿದ್ದೀರಿ, ಅದನ್ನು ವಿವರಿಸುವುದಿಲ್ಲ. ಇದು ಮೆಲ್ಲಿಫೆರಾ, ಅಂದರೆ ಯುರೋಪಿಯನ್ ಜೇನುನೊಣಗಳ ಕುಟುಂಬ. ರಾಣಿ ಸತ್ತು ಬಹಳ ದಿನಗಳಾಗಿರುವುದರಿಂದ ಎರಿಗಳಲ್ಲಿ, ಅಂದರೆ ಮೇಣದ ಹಲ್ಲೆಗಳಲ್ಲಿ, ಮುಚ್ಚಳ ಬಿದ್ದ ಮರಿಕೋಶ ಒಂದೂ ಉಳಿದಿಲ್ಲ. ಹೊಸ ರಾಣಿ ಪಂಜರದಲ್ಲಿ ಕಾಯುತ್ತಿದ್ದಾಳೆ.

ಸುಮಾರು 300 ನೊಣಗಳನ್ನು ಸಕ್ಕರೆ ಪುಡಿಯಲ್ಲಿ ಹೊರಳಿಸಿ ಜಾಲರಿಯಿಂದ ಜಾಡಿಸಿದಾಗ ತಟ್ಟೆಗೆ ಉದುರಿದವು ಇವು. ಬಣ್ಣ, ಗಾತ್ರ ಎರಡರಲ್ಲೂ ರಾಗಿ ಕಾಳಿನಂತಿದ್ದರೂ ಇವು ಚಪ್ಪಟೆ. ಉದ್ದಕ್ಕಿಂತ ಅಗಲವೇ ಹೆಚ್ಚು. ಇದೇ ನೊಣಗಳನ್ನು ಕಾಡುವ ಪರಾವಲಂಬಿ, ವರೋವಾ ನುಸಿ.

ಹೊಸ ರಾಣಿಯ ಮೊದಲ ಮರಿಗಳು ಅಲ್ಲಲ್ಲಿ ಸತ್ತು, ಹುಟ್ಟಿದ ನೊಣಗಳ ರೆಕ್ಕೆ ಮುದುಡಿದ್ದರೆ, "ರಾಣಿ ಚೆನ್ನಾಗಿಲ್ಲ" ಎಂದು ಅವಳನ್ನು ಹೊಸಕಿ ಮತ್ತೊಂದನ್ನು ಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮರಿಯಿಲ್ಲದ ಅವಧಿಯಲ್ಲಿ ನುಸಿಗಳೆಲ್ಲ ಬೆಳೆದ ನೊಣಗಳ ಮೈಮೇಲೆಯೇ ಇರುತ್ತವೆ. ಹೊಸ ರಾಣಿಯ ಮೊದಲ ಹುಳುಗಳ ಕೋಶಗಳಿಗೆ ಮುಚ್ಚಳ ಬೀಳುವ ಹೊತ್ತಿಗೆ ಅವೆಲ್ಲ ಒಟ್ಟಾಗಿ ಆ ಕೆಲವೇ ಕೋಶಗಳಿಗೆ ನುಗ್ಗಿ, ಒಳಗೇ ಸಂತಾನ ಬೆಳೆಸುತ್ತವೆ, ರೆಕ್ಕೆ ಮುದುಡಿಸುವ ವೈರಸ್ಸನ್ನೂ ಹರಡುತ್ತವೆ. ಮರಿ ಸರಿಯಾಗಿ ಬೆಳೆಯದಿದ್ದರೆ ಕೆಲಸಗಾರ ನೊಣಗಳೇ ರಾಣಿಯನ್ನು ಬದಲಿಸಲು ಹೊರಡುವುದುಂಟು. ಇದರಲ್ಲಿ ರಾಣಿಯ ತಪ್ಪೇನಿದೆ?

ಹೆಜ್ಜೇನಿನಿಂದ ಬಂದ ಇನ್ನೊಂದು ಬಗೆಯ ನುಸಿ, ಟ್ರೊಪಿಲೇಲ್ಯಾಪ್ಸ್, ಮರಿಯಿಲ್ಲದೆ ಹೆಚ್ಚು ದಿನ ಬದುಕದು, ಈ ಖಾಲಿ ಅವಧಿ ಅದಕ್ಕೆ ಮರಣಶಾಸನ, ವರೋವಾಕ್ಕೆ ಹಾಗಲ್ಲ.

ಪಂಜರದಲ್ಲಿರುವ ಜೊತೆ ನೊಣಗಳನ್ನು ತೆಗೆದುಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅವುಗಳ ಮೈಮೇಲೂ ನುಸಿ ಸವಾರಿ ಮಾಡಿ ಬರಬಹುದು. ಆದರೆ ದೂರದ ಪ್ರಯಾಣದಲ್ಲಿ ರಾಣಿಗೆ ಉಣಿಸುವವರು ಬೇಕೇ ಬೇಕು, ಆದ್ದರಿಂದ ಪೆಟ್ಟಿಗೆಯ ಬಳಿ ತಲುಪಿದ ಮೇಲೆ ತೆಗೆದರೆ ಸಾಕು.

ಈಗ ಕೈಗವಸು ಹಾಕಿ, ಸಕ್ಕರೆ ಪಾಕದಲ್ಲಿ ಕರಗಿಸಿದ, ನುಸಿ ಕೊಲ್ಲುವ ಆಕ್ಸಾಲಿಕ್ ಆಮ್ಲವನ್ನು ಎರಿಗಳ ನಡುವೆ ನೊಣಗಳ ಮೇಲೆ ಹನಿಸುತ್ತಿದ್ದೇನೆ. ಈ ಔಷಧಿ ಮುಚ್ಚಿದ ಕೋಶದೊಳಗೆ ತಲುಪುವುದಿಲ್ಲ; ಹಾಗಾಗಿ ಮರಿಯಿಲ್ಲದ ಈ ಸಮಯಕ್ಕಿಂತ ಒಳ್ಳೆಯ ಸಮಯ ಮತ್ತೆ ಸುಲಭಕ್ಕೆ ಸಿಗದು. ಮೊಟ್ಟೆಯಿಟ್ಟ 8–9 ದಿನಗಳಲ್ಲಿ ಕೆಲಸಗಾರ ಕೋಶಕ್ಕೆ ಮುಚ್ಚಳ ಬೀಳುವುದರಿಂದ, ರಾಣಿ ಪಂಜರದಿಂದ ಹೊರಬಂದು ಮೊಟ್ಟೆಯಿಡತೊಡಗಿದ ಮೇಲೆ ನಮಗಿರುವ ಅವಕಾಶ ಅಷ್ಟೇ.

ಮೋಡ ಕವಿಯುತ್ತಿದೆ, ನೊಣಗಳು ಸಿಡುಕುತ್ತಿವೆ, ಮುಚ್ಚಳ ಹಾಕುತ್ತೇನೆ. ಪಂಜರವನ್ನು ನಾಳೆ ಇಡುತ್ತೇನೆ.