ನೀರೇ ಬಾಗಿಲು ತೆಗೆಯುವ ಮಾರ್ಕೋನಹಳ್ಳಿ

ಈಗ ನಿಮಗೆ ಕಾಣುತ್ತಿರುವುದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಂ. ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಕಟ್ಟಿದ್ದು. ಕೆಆರ್‌ಎಸ್ ನೋಡಿದವರಿಗೆ ಇದು ದೊಡ್ಡ ಕೆರೆ ಅನ್ನಿಸಬಹುದು. ಇರಲಿ, ನಾನು ಬಂದಿರುವುದು ಇಲ್ಲಿನ ಸೈಫನ್ ನೋಡೋಕೆ, ಅಂದರೆ ಡ್ಯಾಂ ತುಂಬಿದಾಗ ಹೆಚ್ಚಾದ ನೀರನ್ನು ತಾನೇ ಹೊರಬಿಡುವ ಕೊಳವೆ.

ಮಳೆ ಜಾಸ್ತಿಯಾದರೆ ಬೇರೆ ಡ್ಯಾಂಗಳಲ್ಲಿ ಯಾರಾದರೂ ಗೇಟ್ ಎತ್ತಬೇಕು. ನಡುರಾತ್ರಿ, ಕರೆಂಟಿಲ್ಲ, ಗೇಟ್ ತುಕ್ಕು ಹಿಡಿದಿದೆ ಅಂದರೆ ಕಥೆ ಮುಗೀತು. ಮೈಸೂರು ಸಂಸ್ಥಾನದ ಇಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ನಲ್ಲಿ ಆ ತಲೆನೋವಿಲ್ಲ. ನೀರಲ್ಲಿ ನಿಂತ ದೊಡ್ಡ ಆಲಿಕೆ, ಅದರ ಮೇಲೊಂದು ಗುಮ್ಮಟ, ಕೆಳಗೆ ದಪ್ಪ ಕೊಳವೆ. ಅಂಚು ದಾಟಿದ ನೀರು ಸುಮ್ನೆ ಬೀಳಲ್ಲ. ಅಂಚಿನ ಬಾಗಿದ ದಾರಿಗಳು ಅದನ್ನು ಗಿರಗಿರ ಸುತ್ತಿಸುತ್ತವೆ. ಸುಳಿ ಏಳುತ್ತದೆ, ಒಳಗಿನ ಗಾಳಿಯನ್ನು ಎಳೆದುಕೊಂಡು ಇಳಿಯುತ್ತದೆ. ಗಾಳಿ ಖಾಲಿಯಾದದ್ದೇ ತಡ, ಕೊಳವೆ ತುಂಬಾ ನೀರು. ಪೈಪನ್ನು ಬಾಯಲ್ಲಿ ಎಳೆದು ಬೈಕ್ ಟ್ಯಾಂಕಿನಿಂದ ಪೆಟ್ರೋಲ್ ತೆಗೀತಾರಲ್ಲ, ಅದೇ ಲೆಕ್ಕ. ನೀರಿನ ಮಟ್ಟ ಇಳಿದು ಗಾಳಿ ಒಳಗೆ ನುಗ್ಗಿತೋ, ತಾನೇ ನಿಲ್ಲುತ್ತದೆ.

ಹಾಗಂತ ಕೆಳಗೆ ಆಡೋಕೆ ಇಳಿಯಬೇಡಿ. ಯಾರೋ ಗುಂಡಿ ಒತ್ತಿ ಬಿಡುವ ನೀರಲ್ಲ ಇದು. ಮೊಣಕಾಲು ಮಟ್ಟಕ್ಕಿದ್ದದ್ದು ನೋಡನೋಡುತ್ತಲೇ ಆಳೆತ್ತರ ಆಗುತ್ತದೆ.

ಈ ನೀರು ಮದ್ದೂರು ದಾಟಿ ಕಾವೇರಿ ಸೇರುತ್ತದೆ. ಮೆಟ್ಟೂರು ಕಳೆದು ತಿರುಚ್ಚಿ ಹತ್ತಿರದ ಮುಕ್ಕೊಂಬಿಗೆ ಹೋಗುತ್ತದೆ. ಅಲ್ಲಿ ನದಿ ಎರಡಾಗುತ್ತದೆ. ಬಲಕ್ಕೆ ಕಾವೇರಿ, ಎಡಕ್ಕೆ ಕೊಳ್ಳಿಡಂ. ಕೊಳ್ಳಿಡಂಗೆ ಇಳಿಜಾರು ಜಾಸ್ತಿ, ಸಮುದ್ರಕ್ಕೂ ಹತ್ತಿರದ ದಾರಿ. ಹಾಗೇ ಬಿಟ್ಟರೆ ನೀರು ಆ ಕಡೆಯೇ ಓಡುತ್ತದೆ, ಕಾವೇರಿ ಹೂಳು ತುಂಬಿ ತಂಜಾವೂರಿನ ಗದ್ದೆಗಳು ಒಣಗುತ್ತವೆ. ಚೋಳರ ಕಾಲದ ಅಣೆಕಟ್ಟು ಕಲ್ಲಣೆ ಎದ್ದದ್ದು ಇದಕ್ಕೇ. 1836ರಲ್ಲಿ ಬ್ರಿಟಿಷ್ ಇಂಜಿನಿಯರ್ ಆರ್ಥರ್ ಕಾಟನ್ ಮುಕ್ಕೊಂಬಿನಲ್ಲಿ ಕೊಳ್ಳಿಡಂ ಕವಲೊಡೆಯುವ ಕಡೆ ಅಣೆ ಕಟ್ಟಿಸಿದ್ದೂ ಇದಕ್ಕೇ. ಬೆಳೆಗೆ ಬೇಕಾದ್ದು ಕಾವೇರಿಗೆ, ಮಿಕ್ಕಿದ ಪ್ರವಾಹ ಕೊಳ್ಳಿಡಂಗೆ. ನೆರೆ ನೀರಿನ ಹೆಸರಿಗೆ ಒಂದು ನದಿಯನ್ನೇ ಬರೆದುಕೊಟ್ಟಿದ್ದಾರೆ! ಎಂಥ ತಲೆ ಅಲ್ವಾ?

ಆದರೆ ಅಲ್ಲಿನ ಆಟವೆಲ್ಲ ಶಟರ್ ಮೇಲೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆಯಿಂದ ಭಾರಿ ನೀರು ಹೋದಾಗ ಕೊಳ್ಳಿಡಂ ಅಣೆಯ 45 ಕಿಂಡಿಗಳಲ್ಲಿ 9ರ ಶಟರ್ ಕಿತ್ತುಹೋದವು. ಈಗ ಪಕ್ಕದಲ್ಲೇ ಹೊಸದು ಕಟ್ಟಿದ್ದಾರೆ. ಮುಂದಿನ ವಿಡಿಯೋ ಅಲ್ಲಿಂದಲೇ ಮಾಡೋಣ ಅಂತಿದ್ದೇನೆ. ತಮಿಳು ಬರುವವರು ಯಾರಾದರೂ ಜೊತೆಗೆ ಬರ್ತೀರಾ? ನನ್ನ ತಮಿಳು ಇಡ್ಲಿ ಕೇಳೋವಷ್ಟೇ.