ಫೋಮ್‌ಗೆ ಜೇಡಿಮಣ್ಣಿನ ಕವಚ

ಕೇಳುಗರಿಗೆ ನಮಸ್ಕಾರ. ಸೋಫಾ, ಹಾಸಿಗೆ, ಬಸ್ಸಿನ ಸೀಟುಗಳ ಒಳಗಿರುವ ಮೆತ್ತನೆಯ ಫೋಮ್ ಪಾಲಿಯುರೆಥೇನ್. ಅದಕ್ಕೆ ಬೆಂಕಿ ತಗುಲಿದರೆ ಕುಸಿದು, ಕರಗಿ, ತೊಟ್ಟಿಕ್ಕುತ್ತದೆ. ತಳದಲ್ಲಿ ಮಡುಗಟ್ಟಿದ ದ್ರವ ಉರಿಯುತ್ತ ಮೇಲಿನದ್ದನ್ನೂ ಸುಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ತುಂಬಿದ ಹೊಗೆಯೇ ಅನೇಕ ಸಲ ಜ್ವಾಲೆಗಿಂತ ಮೊದಲು ಪ್ರಾಣ ತೆಗೆಯುತ್ತದೆ.

ಈ ಬೆಂಕಿಯನ್ನು ತಡೆಯಲೆಂದು ಫೋಮ್‌ಗೆ ಬೆರೆಸುತ್ತಿದ್ದ ಬ್ರೋಮಿನ್ ರಾಸಾಯನಿಕಗಳಲ್ಲಿ ಕೆಲವು ದೇಹದಲ್ಲಿ ಸೇರಿಕೊಂಡು ಉಳಿಯುವಂಥವು. 2009ರಲ್ಲಿ, ಇಂಥ ಬಹುಕಾಲ ಉಳಿಯುವ ವಿಷವಸ್ತುಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅವು ಸೇರಿದವು.

ಅವುಗಳ ಬದಲಿಗೆ ಒಂದು ದಾರಿ ನ್ಯಾನೊ ಜೇಡಿಮಣ್ಣು, ಅಂದರೆ ಅತಿ ತೆಳು ಪದರಗಳಾಗಿ ಬಿಡಿಸಿಕೊಳ್ಳುವ ಮಣ್ಣು. ಹಾಗಾದರೆ ಅದನ್ನು ಫೋಮ್ ತಯಾರಿಸುವ ದ್ರವವಾದ ಪಾಲಿಯಾಲ್‌ನಲ್ಲೇ ಕಲಸಿಬಿಡಬಹುದಲ್ಲ? ಕಲಸಬಹುದು, ಆದರೆ ದ್ರವ ದಪ್ಪಗಾಗುತ್ತದೆ. ಮಣ್ಣನ್ನು ಚೆನ್ನಾಗಿ ಒಣಗಿಸದಿದ್ದರೆ ಅದರ ತೇವ ಫೋಮ್‌ನ ಇನ್ನೊಂದು ಕಚ್ಚಾವಸ್ತುವಾದ ಐಸೊಸಯನೇಟ್ ಜೊತೆ ಸೇರಿ ಲೆಕ್ಕಕ್ಕಿಂತ ಹೆಚ್ಚು ಅನಿಲ ಬಿಡುತ್ತದೆ. ಗುಳ್ಳೆಗಳ ಗಾತ್ರ ಹದ ತಪ್ಪಿ ಫೋಮ್ ಕುಸಿಯುವುದೂ ಉಂಟು. ನನ್ನ ಮಟ್ಟಿಗೆ, ತಯಾರಾದ ಫೋಮ್‌ಗೆ ಮಣ್ಣಿನ ಲೇಪ ಕೊಡುವುದೇ ಲೇಸು.

ಅದರ ಕ್ರಮ ಹೀಗೆ. ಸೀಗಡಿಯ ಸಿಪ್ಪೆಯಿಂದ ಬರುವ ಕೈಟೊಸಾನ್ ಲೀಟರಿಗೆ 1 ಗ್ರಾಂ: ನೀರಿಗೆ ಆಮ್ಲ ಬೆರೆಸಿ ಕರಗಿಸಿ, ಆಮೇಲೆ ಪಿಎಚ್ ಅನ್ನು 6ಕ್ಕೆ ಏರಿಸಬೇಕು. ಅದನ್ನು ಮೀರಿದರೆ ಕೈಟೊಸಾನ್ ನೀರಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಇನ್ನೊಂದು ತೊಟ್ಟಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಮಣ್ಣು, ಲೀಟರ್ ನೀರಿಗೆ 10 ಗ್ರಾಂ, ರಾತ್ರಿಯಿಡೀ ಕಲಕಿದ್ದು. ಮೊದಲನೆಯದಕ್ಕೆ ಧನ ವಿದ್ಯುದಾವೇಶ, ಎರಡನೆಯದಕ್ಕೆ ಋಣ. ಹೀಗಾಗಿ ಪರಸ್ಪರ ಅಂಟಿಕೊಳ್ಳುತ್ತವೆ.

ಫೋಮನ್ನು ಕೈಟೊಸಾನ್‌ನಲ್ಲಿ ಮುಳುಗಿಸಿ ಹಿಸುಕಿ ಬಿಡಿ. ಒಳಗಿನ ಗುಳ್ಳೆಗಳಿಗೂ ದ್ರವ ಇಳಿಯಬೇಕು. ಹಿಂಡಿ, ನೀರಿನಲ್ಲಿ ತೊಳೆದು, ಮತ್ತೆ ಹಿಂಡಿ, ಮಣ್ಣಿನ ತೊಟ್ಟಿಗೆ ಹಾಕಿ. ಪುನಃ ತೊಳೆಯಿರಿ. ಮೊದಲ ಸುತ್ತಿನಲ್ಲಿ ಪ್ರತಿ ತೊಟ್ಟಿಯಲ್ಲಿ 5 ನಿಮಿಷ, ಮುಂದೆ 1 ನಿಮಿಷ ಸಾಕು. ಹೀಗೆ 10 ಸುತ್ತು. ತೊಳೆಯುವುದನ್ನು ಬಿಟ್ಟರೆ ಎರಡೂ ದ್ರವ ತೊಟ್ಟಿಯಲ್ಲೇ ಸೇರಿ ಗಂಟು ಕಟ್ಟುತ್ತವೆ. ಆಗ ಒಣಗಿದ ಮೇಲೆ ಫೋಮ್ ಒತ್ತಿದರೆ ಪುಡಿ ಉದುರುತ್ತದೆ.

ಸುಮಾರು 1 ನ್ಯಾನೊಮೀಟರ್ ದಪ್ಪದ ಮಣ್ಣಿನ ಬಿಲ್ಲೆಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂರುತ್ತವೆ. ಬೆಂಕಿ ಬಿದ್ದಾಗ ಮೇಲ್ಮೈ ಕರಿಗಟ್ಟಿ ಆಕಾರ ಉಳಿಸಿಕೊಳ್ಳುತ್ತದೆ, ತೊಟ್ಟಿಕ್ಕುವುದು ನಿಲ್ಲುತ್ತದೆ. 2012ರಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ತಂಡ ಇಂಥ 10 ಜೋಡಿ ಪದರಗಳಿಂದ ಗರಿಷ್ಠ ಉಷ್ಣ ಬಿಡುಗಡೆಯ ದರವನ್ನು ಶೇಕಡಾ 52ರಷ್ಟು ತಗ್ಗಿಸಿತು.

ಗಮನಿಸಿ, ತಗ್ಗಿದ್ದು ಉರಿಯ ರಭಸ. ಫೋಮ್ ಹೊತ್ತಿಕೊಳ್ಳುವುದೇ ಇಲ್ಲ ಎಂದಲ್ಲ. ಕಾರ್ಖಾನೆಗೆ ದೊಡ್ಡ ತೊಡಕು ಬೇರೆ: ಇಷ್ಟು ಸಲ ತೊಳೆಯಲು ಬೇಕಾಗುವ ನೀರು, ಒಣಗಿಸಲು ಬೇಕಾಗುವ ಶಾಖ. ಆದ್ದರಿಂದಲೇ ಸುತ್ತುಗಳನ್ನು ಇಳಿಸಿ, ಒಂದೊಂದು ಸುತ್ತಿಗೂ ಹೆಚ್ಚು ಮಣ್ಣು ಹಿಡಿಸುವ ದಾರಿಯನ್ನು ಸಂಶೋಧಕರು ಹುಡುಕುತ್ತಿದ್ದಾರೆ.